ಕೊನೆಯ ಡಾ

"ಮತ್ತೆ ಅದೇ ತಪ್ಪು, ಭಾಭಿ," ಎಂದು ರಹಮತುಲ್ಲಾ ಪೆನ್ಸಿಲನ್ನು ಕೆಳಗಿಟ್ಟರು.

ಗಂಗರತ್ನಮ್ಮ ಮೋರ್ಸ್ ಕೀ ಮೇಲಿನ ಬೆರಳು ತೆಗೆಯಲಿಲ್ಲ. ಅಭ್ಯಾಸಕ್ಕೆಂದು ಆ ಕೀಯನ್ನು ಒಂದು ಪುಟ್ಟ ಡಬ್ಬಿಗೆ ಜೋಡಿಸಿತ್ತು. ಒತ್ತಿದರೆ ಕೋಣೆಯೊಳಗೆ ಮಾತ್ರ ಕುಂಯ್ ಎನ್ನುತ್ತಿತ್ತು. ಉದ್ದಕ್ಕೆ ಒತ್ತಿದರೆ ಡಾ, ಗಿಡ್ಡಕ್ಕೆ ಒತ್ತಿದರೆ ಡಿ; ಇವೆರಡು ಸೇರಿಯೇ ಮೋರ್ಸ್‌ನ ಅಕ್ಷರಗಳು. ದೊಡ್ಡ ರೇಡಿಯೊ ಸೆಟ್ಟು ಪಕ್ಕದಲ್ಲೇ ಬಟ್ಟೆ ಹೊದ್ದು ಕುಳಿತಿತ್ತು. ಅವರ ಯಜಮಾನರು ಚನ್ನಕೇಶವಯ್ಯ ತೀರಿಕೊಂಡ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಪರವಾನಗಿ ಇಲ್ಲದವರು ಮುಟ್ಟುವಂತೆಯೂ ಇರಲಿಲ್ಲ. ಗಂಗರತ್ನಮ್ಮ ಆ ಪರವಾನಗಿಯ ಪರೀಕ್ಷೆ ಪಾಸಾದರೆ ಸೆಟ್ಟು ಸಂಜಯನಗರದ ಈ ಮನೆಯಲ್ಲೇ ಉಳಿಯುವುದು, ಇಲ್ಲವಾದರೆ ಆರ್.ಟಿ. ನಗರಕ್ಕೆ, ಗೆಳೆಯ ರಹಮತುಲ್ಲಾ ಅವರ ಮನೆಗೆ ಹೋಗುವುದು ಎಂದು ಮಾತಾಗಿತ್ತು. ಪರೀಕ್ಷೆ ಬರುವ ಸೋಮವಾರ.

"ಯಾವ್ದು ತಪ್ಪು ಸಾಬ್ರೇ? ನನಗೆ ಸರಿಯಾಗೇ ಕೇಳಿಸ್ತು."

"ಸಿ ಕ್ಯೂ ಕಳ್ಸಿ ಅಂದೆ. ಸಿ ಚೆನ್ನಾಗಿದೆ. ಕ್ಯೂ ಅಂದ್ರೆ ಡಾ ಡಾ ಡಿ ಡಾ, ಒಂದೇ ಉಸಿರಲ್ಲಿ. ನೀವು ಡಾ ಡಾ ಡಿ ಅಂತ ನಿಂತ್ಬಿಡ್ತೀರ. ಆಮೇಲೆ ಡಾ…ಅಂತ ಎಳೀತೀರ. ಪರೀಕ್ಷೆ ಮಾಡೋರು ಅದನ್ನ ಬೇರೆ ಎರಡು ಅಕ್ಷರ ಅಂತ ಬರ್ಕೋತಾರೆ. ಆಯ್ತು, ಫೇಲು."

ಯಾರಾದರೂ ಕೇಳುತ್ತಿದ್ದೀರಾ ಎಂದು ಹವ್ಯಾಸಿ ಹ್ಯಾಮ್ ರೇಡಿಯೊದವರು ಆಕಾಶಕ್ಕೆ ಹಾಕುವ ಕೂಗೇ ಆ ಸಿ ಕ್ಯೂ. ದಿನವೂ ಸಂಜೆ ದೇವರ ದೀಪ ಹಚ್ಚಿದ ಮೇಲೆ ಚನ್ನಕೇಶವಯ್ಯ ಈ ಕುರ್ಚಿಯಲ್ಲಿ ಕುಳಿತು, ಎಲ್ಲಿಂದಲೋ ಯಾರೋ ಓಗೊಡುವವರೆಗೆ ಅದನ್ನೇ ಕಳಿಸುತ್ತಿದ್ದರು.

ಚಹಾ ತಂದ ಸೊಸೆ ಮೋನಿಕಾ ಬಾಗಿಲಲ್ಲೇ ನಿಂತಳು. "ಅಂಕಲ್, ಪ್ಲೀಸ್, ಅದನ್ನ ಸರಿ ಮಾಡ್ಬೇಡಿ. ಅಡುಗೆಮನೇಲಿ ಕೇಳ್ಸಿದ್ರೆ ಮಾವನೇ ಬಂದು ಕೂತಂಗಿದೆ."

ಲೋಟಕ್ಕೆ ಚಾಚಿದ ರಹಮತುಲ್ಲಾ ಅವರ ಕೈ ಅಲ್ಲೇ ನಿಂತಿತು. ಎಷ್ಟೋ ವರ್ಷ ಹೆಡ್‌ಫೋನಿನಲ್ಲಿ ಕೇಳಿದ, ಕೀ ಒತ್ತುವ ಅದೇ ವರಸೆ. ಮೇಷ್ಟ್ರಾಗಿ ಕುಳಿತ ಮೇಲೆ ಅವರಿಗೆ ತಪ್ಪು ಮಾತ್ರ ಕೇಳಿಸಿತ್ತು, ಗೆಳೆಯ ಕೇಳಿಸಿರಲಿಲ್ಲ.

"ಯಾ ಅಲ್ಲಾ! ಚನ್ನಕೇಶವನ ಕ್ಯೂ ಇದು. ಅವನು ಒಂದು ಕ್ಯೂ ಮುಗಿಸೋದ್ರಲ್ಲಿ ಕಾಫಿ ಕುಡಿದು ಬರಬೋದು ಅಂತ ನಾವೆಲ್ಲ ಎಷ್ಟು ರೇಗಿಸಿದೀವಿ. ನಿಮಗೆ ಅವನೇ ಹೇಳ್ಕೊಟ್ಟಿದ್ನಾ?"

"ಅವರೆಲ್ಲಿ ಹೇಳ್ಕೊಟ್ರು! ಇಲ್ಲಿಗೆ ಬಂದ್ರೆ ವೈರು ತುಳೀತೀಯ ಅಂತ ಗದರ್ತಿದ್ರು. ಸಾರಿಗೆ ಒಗ್ಗರಣೆ ಹಾಕ್ತಾ ಕೇಳಿಸ್ಕೊಂಡಿದ್ದು, ಅಷ್ಟೇ." ಗಂಗರತ್ನಮ್ಮ ಸೆರಗು ಸರಿಪಡಿಸಿಕೊಂಡರು. "ನಾನು ಹೀಗೇ ಕಳಿಸ್ತೀನಿ. ಅವರು ಮಂತ್ರದಲ್ಲೂ ತಡವರಿಸ್ತಿದ್ರು. ದೇವರು ಕೇಳಿಸ್ಕೊಳ್ಳಲಿಲ್ವಾ?"

"ದೇವರು ಕೇಳಿಸ್ಕೋತಾನೆ ಭಾಭಿ, ಪರೀಕ್ಷೆ ಮಾಡೋರು ಕೇಳಿಸ್ಕೊಳ್ಳಲ್ಲ. ಅವನ ಕೈಯೂ ಪಾಸಾದ್ಮೇಲೇ ಕೆಟ್ಟಿದ್ದು. ಸೋಮವಾರಕ್ಕೆ ಮಾತ್ರ ಸರಿ ಮಾಡ್ಕೊಳ್ಳಿ, ಆಮೇಲೆ ನಿಮ್ಮಿಷ್ಟ."

"ಒಂದ್ಸಲ ಕೈ ತಿದ್ಕೊಂಡ್ಮೇಲೆ ಆ ತಪ್ಪು ಮತ್ತೆ ಬರುತ್ತಾ ಸಾಬ್ರೇ?"

ರಹಮತುಲ್ಲಾ ಚಹಾ ಕುಡಿದರು.

ಆ ವಾರವೆಲ್ಲ ಅವರು ಸಂಜೆಯ ಹೊತ್ತಿಗೆ ಬಳ್ಳಾರಿ ರಸ್ತೆ ದಾಟಿ ಸ್ಕೂಟರಿನಲ್ಲಿ ಬಂದರು. ಗಂಗರತ್ನಮ್ಮ ದೇವರಿಗೆ ಕೈಮುಗಿದು, ಕೀಗೂ ಒಂದು ಬೊಟ್ಟು ಕುಂಕುಮ ಇಟ್ಟು ಕೂರುವರು. "ಕೀ ಸಂದಿಗೆ ಬಿದ್ರೆ ಕರೆಂಟ್ ಹರಿಯಲ್ಲ ಭಾಭಿ, ಕೆಳಗಿನ ಮರದ ಹಲಗೆ ಮೇಲಿಡಿ," ಎಂದು ರಹಮತುಲ್ಲಾ ಕರ್ಚೀಫಿನ ತುದಿಯಿಂದ ಒರೆಸುವರು. ಆಮೇಲೆ ಮೇಜಿನ ಮೇಲೆ ಉಗುರಿನಿಂದ ತಾಳ ಕುಟ್ಟುವರು. ನಿಂತಲ್ಲಿ ಮುಂದಕ್ಕೆ ತಳ್ಳುವರು, ಎಳೆದಲ್ಲಿ ತಡೆಯುವರು. ಸೆಟ್ಟು ಮನೆಯಿಂದ ಹೋಗಬಾರದೆಂದು ಗಂಗರತ್ನಮ್ಮನೂ ಎದುರು ಮಾತಾಡದೆ ಒತ್ತಿದರು.

ಭಾನುವಾರ ಕೊನೆಯ ಡಾ ತನ್ನ ಹೊತ್ತಿಗೆ ಬಂತು, ತನ್ನ ಹೊತ್ತಿಗೆ ಮುಗಿಯಿತು. ಮತ್ತೊಮ್ಮೆ ಕೇಳಿದಾಗಲೂ ಹಾಗೆಯೇ. ರಹಮತುಲ್ಲಾ ಬರೆದುಕೊಂಡ ಕಾಗದದಲ್ಲಿ ಒಂದು ಅಕ್ಷರವೂ ಹೆಚ್ಚು ಕಡಿಮೆ ಇರಲಿಲ್ಲ. ಅವರು ಶಭಾಷ್ ಎಂದರು. ಕಾಗದವನ್ನು ಮಡಿಸಿ ಪಕ್ಕಕ್ಕಿಟ್ಟರು. "ಈಗ ಒಂದ್ಸಲ ಅವನ ಥರ ಕಳ್ಸಿ ಭಾಭಿ. ಪರೀಕ್ಷೆಗಲ್ಲ, ನನಗೋಸ್ಕರ," ಎಂದರು.

ಗಂಗರತ್ನಮ್ಮ ಕಣ್ಣು ಮುಚ್ಚಿ ಬೆರಳಿಟ್ಟರು. ಡಾ ಡಿ ಡಾ ಡಿ. ಡಾ ಡಾ ಡಿ ಡಾ. ಅಚ್ಚುಕಟ್ಟಾಗಿ ಬಂತು. ತಲೆಯಲ್ಲಾಡಿಸಿ ಇನ್ನೊಮ್ಮೆ ಒತ್ತಿದರು. ಈ ಸಲ ಬೇಕೆಂದೇ ನಿಲ್ಲಿಸಿ ಎಳೆದರು. ಅದು ನಿಲ್ಲಿಸಿ ಎಳೆದ ಹಾಗಿತ್ತು, ಯಜಮಾನರ ಹಾಗಿರಲಿಲ್ಲ. ಮತ್ತೆ ಒತ್ತಿದರು. ಮತ್ತೆ ಅಚ್ಚುಕಟ್ಟು.

"ಅದು ಹೇಗಿತ್ತು ಸಾಬ್ರೇ?" ಅವರ ದನಿ ಸಣ್ಣದಾಯಿತು. "ನೀವೊಂದ್ಸಲ ಒತ್ತಿ ತೋರ್ಸಿ."

ರಹಮತುಲ್ಲಾ ಕೀ ಮೇಲೆ ಬೆರಳಿಟ್ಟರು. ಒತ್ತಲಿಲ್ಲ. ಹಾಗೇ ಹಿಂದಕ್ಕೆ ತೆಗೆದುಕೊಂಡರು.

"ನೀವು ಪಾಸಾಗ್ತೀರ, ಭಾಭಿ," ಎಂದರು.