ತೊಳೆದ ಕಮಾನು

ಕಹಳೆಯಲ್ಲಿ ಊದುವ ಸ್ವಾಗತಘೋಷವನ್ನು ಕಾಲೇಜಿನ ಪಿಟೀಲು ಮೇಳಕ್ಕೆ ಹೊಂದಿಸಿದವರು ಸಂಗೀತದ ಮಾಸ್ತರು. ಅವರ ಲಯ ಎಡವುತ್ತಿದೆಯೆಂದು ಎಲ್ಲರೆದುರು ಹೇಳಿದವಳು ಸುಲಭಾ. ಅಂದಿನಿಂದ ಅವಳನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ.

ತಾಲೀಮು ಮುಗಿದದ್ದೇ ಗದರಿದರು. “ನಾಳೆ ಸಚಿವರು ಬರ್ತಾರ. ನಿನ್ನ ಕಮಾನಿಗೆ ಸೋಪು ಹಚ್ಚಿ ತೊಳಕೊಂಡು ಬಾ. ರಾಳ ಹೋದರ ದನಿ ಹೊರಡಂಗಿಲ್ಲ. ಬರೇ ಕೈ ಆಡಸು.”

“ಮನ್ಯಾಗ ಇರ್ತೀನಲ್ರಿ ಸರ.”

“ಕುರ್ಚಿ ಖಾಲಿ ಕಾಣಬಾರದು. ಮೂಕಿ ಹಂಗ ಕೂಡು!”

ಉಳಿದವರು ತಂತಮ್ಮ ಕಮಾನುಗಳನ್ನು ನೋಡಿಕೊಂಡು ಪೆಟ್ಟಿಗೆಗೆ ಹಾಕಿಕೊಂಡರು.

ಮರುದಿನ ವೇದಿಕೆಯ ತುಂಬ ಸೋಪಿನ ವಾಸನೆ. ಹುಡುಗಿ ಹಾದಿಗೆ ಬಂದಳೆಂದು ಮಾಸ್ತರು ಮೀಸೆಯಲ್ಲೇ ನಕ್ಕರು. ಸಚಿವರು ಬಾಗಿಲಲ್ಲಿ ಕಾಣಿಸಿದ್ದೇ ಮಾಸ್ತರು ಕೈಯೆತ್ತಿದರು. ಕಮಾನುಗಳೆಲ್ಲ ಒಟ್ಟಿಗೇ ಎದ್ದು ಒಟ್ಟಿಗೇ ಇಳಿದವು.

ದನಿ ಹೊರಟದ್ದು ಸುಲಭಾಳ ಪಿಟೀಲಿನಿಂದ ಮಾತ್ರ.