ದಿನಕ್ಕೆ ಒಂದೂವರೆ ಗಂಟೆ

ಮೇಲ್ಸೇತುವೆ ಕಟ್ಟಿಸುತ್ತಿದ್ದ ಇಂಜಿನಿಯರ್ ಸಾಹೇಬರ ಕಂಪ್ಯೂಟರ್ ಮಾಡೆಲ್ಲಿನಲ್ಲಿ ನಕ್ಷೆ, ಸಿಮೆಂಟು, ಆಳು, ದಿನಾಂಕ ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿದ್ದವು. ಕೂಲಿಯವರು ಬೀಡಿ ಸೇದುವ ಹೊತ್ತು ಕೂಡ ಅದರಲ್ಲಿತ್ತು. ಆದರೂ ಶುಕ್ರವಾರ ಹತ್ತೂವರೆಗೆ ಕಾಂಕ್ರೀಟ್ ಲಾರಿ ಬಂದು ನಿಂತಾಗ ಮೇಸ್ತ್ರಿ ಕೂತಲ್ಲಿಂದ ಕದಲಲಿಲ್ಲ.

"ರಾಹುಕಾಲ ಸಾರ್. ಹನ್ನೆರಡಾಗ್ಲಿ, ಸುರಿಸ್ತೀನಿ."

"ಮಾಡೆಲ್‌ನಲ್ಲಿ ರಾಹುಕಾಲ ಇಲ್ಲ ಕಣಯ್ಯ."

"ಇಲ್ದಿದ್ರೆ ಹಾಕ್ಕೊಳ್ಳಿ ಸಾರ್. ಬೀಡೀನೇ ಹಾಕಿದೀರಿ."

ಸಾಹೇಬರು ಹಾಕಿಯೇ ಬಿಟ್ಟರು, ಇವನನ್ನು ಕೆಲಸದಿಂದ ತೆಗೆಸಲು ಅದೇ ಸಾಕ್ಷಿಯಾಗಲಿ ಎಂದು. ದಿನಕ್ಕೆ ಒಂದೂವರೆ ಗಂಟೆ ಸೇರಿದ್ದೇ ತಡ, ಸೇತುವೆ ನಾಲ್ಕು ತಿಂಗಳು ಮುಂದಕ್ಕೆ ಹೋಗಿ ಪರದೆಯೆಲ್ಲ ಕೆಂಪಾಯಿತು. ಆ ಕೆಂಪನ್ನು ಸಂತೋಷದಿಂದ ಪ್ರಿಂಟು ಹಾಕಿಸಿ, ಮೇಸ್ತ್ರಿಯನ್ನೂ ಎಳೆದುಕೊಂಡು ಹೋಗಿ ಚೀಫ್ ಇಂಜಿನಿಯರರ ಮುಂದೆ ನಿಂತರು.

"ನೋಡಿ ಸಾರ್. ಇವನಾದ್ರೂ ಇರ್ಬೇಕು, ಸೇತುವೆಯಾದ್ರೂ ಆಗ್ಬೇಕು. ನೀವೇ ಹೇಳಿ."

ಚೀಫ್ ಕನ್ನಡಕ ಏರಿಸಿ ಒಂದೊಂದೇ ಹಾಳೆ ತಿರುವಿದರು. ಮೇಸ್ತ್ರಿ ಹೆಗಲ ಮೇಲಿನ ಟವೆಲ್ಲು ಇಳಿಸಿ ಕೈಯಲ್ಲಿ ಹಿಡಿದುಕೊಂಡ.

"ಏನ್ರೀ ಇದು, ಇಷ್ಟು ದೊಡ್ಡ ಮಾಡೆಲ್ ಇಟ್ಕೊಂಡು ಹೀಗಾ ಕೆಲಸ ಮಾಡೋದು?" ಎಂದರು ಚೀಫ್, ಸಾಹೇಬರ ಕಡೆ ತಿರುಗಿ. "ಯಮಗಂಡಕಾಲಾನೇ ಬಿಟ್ಟಿದೀರಲ್ರೀ."