ಗೋಲಿಗೆ ಬಿದ್ದವನು

ಸಲೂನಿನವನು ಸೀಟಿ ಊದಿದ್ದೇ ತಡ, ಕೋಣೆಯಲ್ಲಿದ್ದ ಹದಿನೈದಿಪ್ಪತ್ತು ಗಂಡಸರು ಎದೆ ಹಿಡಿದುಕೊಂಡು ದಬದಬನೆ ನೆಲಕ್ಕೆ ಬಿದ್ದರು. ಕಿಟಕಿಯ ಗಾಜು ಅದುರಿತು. ಬಾಗಿಲಲ್ಲಿ ನಿಂತಿದ್ದ ಅಕ್ಕನಿಗೆ ಇದೇನು ಮರುಳಾಟವೆಂದೇ ತಿಳಿಯಲಿಲ್ಲ.

ಡಿಪೋದಲ್ಲಿ ಬಸ್ಸು ನಿಲ್ಲಿಸಿ, ಡ್ರೈವರ್ ಸಮವಸ್ತ್ರವನ್ನೂ ಬದಲಿಸದೆ ನೇರ ಇಲ್ಲಿಗೆ ಬಂದಿದ್ದಳು. ಹೋದ ಭಾನುವಾರ ಫುಟ್‌ಬಾಲ್ ಪಂದ್ಯ ನೋಡಲು ಹೋಗಿ ಹೃದಯಾಘಾತದಿಂದ ಹೆಣವಾಗಿ ಬಂದವನು ಅವಳ ತಮ್ಮ. ತಾಯಿ ತೀರಿಕೊಂಡ ಮೇಲೆ ಅವಳೇ ಎದೆಯೆತ್ತರಕ್ಕೆ ಬೆಳೆಸಿದವನು. ಕೂಗಿದರೆ ಮೈದಾನದ ಆಚೆ ತುದಿಗೂ ಕೇಳುವ ಗಂಟಲು ಅವನದು, ಹಾಗಾಗಿ ನೀಲಿ ತಂಡದ ಅಭಿಮಾನಿಗಳು ಅವನನ್ನು ಗುಡುಗು ಎನ್ನುತ್ತಿದ್ದರು. ಆ ಅಭಿಮಾನಿಗಳಿಗೆ ಸಲೂನಿನವನೇ ಹಿರಿತಲೆ, ಅವನ ಅಂಗಡಿಯ ಮೇಲಿನ ಈ ಕೋಣೆಯೇ ಸಂಘದ ಕಚೇರಿ. ಮುಂದಿನ ಪಂದ್ಯದಲ್ಲಿ ಗುಡುಗಿಗೆ ಶ್ರದ್ಧಾಂಜಲಿ ಇದೆ, ಮೊದಲು ನೀವು ನೋಡಿ ಒಪ್ಪಬೇಕು ಎಂದು ಅವನೇ ಫೋನ್ ಮಾಡಿ ಕರೆಸಿದ್ದ.

"ಇದೇನ್ರೋ ಇದು?" ಅಂದಳು ಅಕ್ಕ.

"ಗುಡುಗು ಮಾಡ್ತಿದ್ದದ್ದೇ ಇದು ಅಕ್ಕಾ," ಸಲೂನಿನವನು ಕಣ್ಣೊರೆಸಿಕೊಂಡ. "ನಮ್ಮೋರು ಗೋಲ್ ಹೊಡೆದ್ರೆ ಸಾಕು, 'ಸತ್ತೆ ಕಣ್ರೋ' ಅಂತ ಎದೆ ಹಿಡ್ಕೊಂಡು ಬಿದ್ದುಬಿಡೋನು. ನಾವು ಮೇಲೆ ಬಾವುಟ ಹೊದಿಸಿ, ಸುತ್ತ ನಿಂತು ಹಾಡ್ತಿದ್ವಿ. ಹಾಡು ಮುಗಿದ ತಕ್ಷಣ ಚಂಗನೆ ಏಳೋನು. ಜನ ಹುಚ್ಚೆದ್ದು ಕುಣಿಯೋರು! ಈ ಭಾನುವಾರ ಎಲ್ಲರೂ ಹೀಗೇ ಬೀಳ್ತೀವಿ."

ಪಂದ್ಯದ ದಿನಗಳಲ್ಲಿ ಇವರನ್ನೆಲ್ಲ ಮೈದಾನದ ಬಾಗಿಲಿಗೆ ಇಳಿಸಿ ಬಸ್ಸು ತಿರುಗಿಸಿಕೊಂಡು ಹೋಗುತ್ತಿದ್ದಳೇ ಹೊರತು ಅಕ್ಕ ಒಮ್ಮೆಯೂ ಒಳಗೆ ಕಾಲಿಟ್ಟವಳಲ್ಲ. ತಮ್ಮನ ಈ ಆಟ ಅವಳಿಗೆ ಗೊತ್ತೇ ಇರಲಿಲ್ಲ.

"ಅವತ್ತು ಗೋಲ್ ಆಗಿತ್ತಾ?"

"ಆಗಿತ್ತಕ್ಕಾ, ಕೊನೇ ಗಳಿಗೇಲಿ. ಗೆದ್ದಿದ್ದು ನಾವೇ." ನೆಲದ ಮೇಲಿನಿಂದಲೇ ಹೇಳಿದ ದರ್ಜಿ. ಬಾವುಟ ಹೊಲಿದುಕೊಟ್ಟವನು ಅವನು.

"ಅವನು ಬಿದ್ದಾಗ ಬಾವುಟ ಹೊದಿಸಿದ್ರಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಒಬ್ಬಿಬ್ಬರಲ್ಲ, ಇಡೀ ಕೋಣೆಯೇ ಹೆಗಲು ಮುಟ್ಟಿಕೊಳ್ಳುತ್ತಿತ್ತು.

"ನಿಮ್ಮನ್ನೇ ಕೇಳ್ತಿರೋದು. ಹೊದಿಸಿ ಹಾಡಿದ್ರಾ?"

"ಯಾವಾಗ್ಲೂ ಹಾಗೇ ಬೀಳ್ತಿದ್ನಲ್ಲ ಅಕ್ಕಾ..."

"ಹಾಡು ಮುಗಿದ ಮೇಲೆ?"

"ಏಳಲಿಲ್ಲ." ದರ್ಜಿ ಮುಖವನ್ನು ಗೋಡೆಯತ್ತ ತಿರುಗಿಸಿದ. "ಇನ್ನೊಂದ್ಸಲ ಹಾಡಲಿ ಅಂತ ಆಟ ಆಡ್ಸ್ತಿದಾನೆ ಅಂದ್ಕೊಂಡ್ವಿ. ಒಂದೊಂದ್ಸಲ ಹಾಗೂ ಮಾಡೋನು. ಅದಕ್ಕೇ... ಮತ್ತೆ ಮೊದಲಿಂದ ಹಾಡಿದ್ವಿ."

ಅಕ್ಕನ ಪಿತ್ತ ನೆತ್ತಿಗೇರಿತು. ಬಿದ್ದ ಕ್ಷಣವೇ ಎತ್ತಿದೆವು, ಆಂಬುಲೆನ್ಸ್ ಬರುವುದು ತಡವಾಯಿತು ಎಂದು ಆಸ್ಪತ್ರೆಯಲ್ಲಿ ಅವಳಿಗೆ ಹೇಳಿದವರು ಇದೇ ಜನ. ಅದನ್ನು ನಂಬಿ ಅವಳು ಆಂಬುಲೆನ್ಸ್ ಡ್ರೈವರನ ಕೊರಳಪಟ್ಟಿ ಹಿಡಿದಿದ್ದಳು. 'ನಾನೂ ಸ್ಟಿಯರಿಂಗ್ ಹಿಡಿಯೋಳೇ, ನನ್ನ ಕಿವಿಗೆ ಹೂ ಇಡ್ಬೇಡ' ಎಂದು ಕೂಗಾಡಿದ್ದಳು. 'ಫೋನ್ ಬಂದಿದ್ದೇ ತಡವಾಗಿ ತಾಯಿ' ಎಂದು ಆತ ಕೈಮುಗಿದರೂ ಬಿಡದೆ ಕೆನ್ನೆಗೆ ಬಾರಿಸಿದ್ದಳು. ಆಗ ಇವರು ಅವಳ ಬೆನ್ನ ಹಿಂದೆಯೇ ಸಾಲಾಗಿ ನಿಂತು ಗೊಳೋ ಎಂದು ಅಳುತ್ತಿದ್ದರು. ಒಬ್ಬನೂ ಬಾಯಿ ಬಿಟ್ಟಿರಲಿಲ್ಲ.

"ಆಗಿದ್ದು ಆಗಿಹೋಯ್ತು ಅಕ್ಕಾ, ಸಮಾಧಾನ ಮಾಡ್ಕೊಳ್ಳಿ," ಸಲೂನಿನವನು ಹತ್ತಿರ ಬಂದ. "ನಾವು ಗೆದ್ದಿದ್ದು ನೋಡಿ, ಆ ಸಂತೋಷದಲ್ಲೇ ಹೋದ. ಹೂ ಎತ್ತಿದ ಹಾಗೆ ಹೋದ."

"ಮುಚ್ಚೋ ಬಾಯಿ! ಆ ಬಾವುಟದ ಕೆಳಗೆ ಹೂ ಎತ್ತಿದ ಹಾಗೆ ಹೋದ್ನೋ, ಉಸಿರು ಸಿಗದೆ ಒದ್ದಾಡಿ ಹೋದ್ನೋ, ನೋಡಿದೋರು ಯಾರಿದ್ದೀರಿ ಇಲ್ಲಿ?"

ನೆಲದಲ್ಲಿದ್ದ ಕೆಲವರು ಮೆಲ್ಲಗೆ ಏಳತೊಡಗಿದರು.

"ಏಳಬೇಡಿ! ಬಿದ್ದಿದ್ದೀರಲ್ಲ, ಹಾಗೇ ಬಿದ್ದಿರಿ."

ಎದ್ದವರು ಮತ್ತೆ ಮಲಗಿದರು. ಮೂಲೆಯಲ್ಲಿ ಮಡಿಸಿಟ್ಟಿದ್ದ, ಕೋಣೆಯಷ್ಟಗಲದ ನೀಲಿ ಬಾವುಟವನ್ನು ಅಕ್ಕ ಬಾಚಿ ಎತ್ತಿಕೊಂಡಳು. ಒಂದೇ ಬೀಸಿಗೆ ಅದು ಅಷ್ಟೂ ಜನರ ಮೇಲೆ ಹರಡಿತು. ಕೊನೆಯ ನಿಲ್ದಾಣದಲ್ಲಿ ಯಾರಾದರೂ ಸೀಟಿಗೊರಗಿ ಕಣ್ಣು ಮುಚ್ಚಿದ್ದರೆ, ಭುಜ ಮುಟ್ಟಿ ಮಾತಾಡಿಸದೆ ಅವಳು ಬಸ್ಸಿನಿಂದ ಇಳಿದವಳೇ ಅಲ್ಲ. ಎಷ್ಟು ಕುಡುಕರನ್ನು ಹಾಗೆ ಎಬ್ಬಿಸಿ ಬೈಸಿಕೊಂಡಿದ್ದಳೋ! ತನ್ನ ಒಡಹುಟ್ಟಿದವನನ್ನು ಮುಟ್ಟಿ ನೋಡಲು ಒಂದು ಕೈ ಇರಲಿಲ್ಲವಲ್ಲ ಎಂದು ಅವಳ ಕರುಳು ಕಿತ್ತು ಬಂತು.

ಮೊಣಕಾಲೂರಿ ಬಾವುಟದ ಅಂಚು ಸರಿಸಿದಳು. ದರ್ಜಿಯ ಮೂಗಿನ ಕೆಳಗೆ ಬೆರಳಿಟ್ಟಳು.

"ಇವನು ಬದುಕಿದಾನೆ."

ಪಕ್ಕದವನಿಗೆ ಸರಿದಳು. "ಇವನೂ ಬದುಕಿದಾನೆ."

ಒಬ್ಬನನ್ನೂ ಬಿಡಲಿಲ್ಲ. ಬಾವುಟದ ಕೆಳಗೆ ಯಾರೋ ಬಿಕ್ಕಿದರು. ಅವನ ಮೂಗಿಗೂ ಬೆರಳಿಟ್ಟು, ಬದುಕಿದಾನೆ ಎಂದು ಮುಂದೆ ಹೋದಳು. ಸಲೂನಿನವನು ಸೀಟಿಯನ್ನು ಕೈಯಲ್ಲಿ ಹಿಡಿದುಕೊಂಡು ಗೋಡೆಗೆ ಅಂಟಿ ನಿಂತಿದ್ದ. ಕೊನೆಯವನನ್ನೂ ನೋಡಿ ಮುಗಿಸಿ ಎದ್ದವಳು ನೇರ ಅವನ ಮುಂದೆ ಬಂದು ನಿಂತಳು.

"ನೋಡಿದ್ಯಾ? ಒಬ್ಬೊಬ್ಬನ ಉಸಿರು ನೋಡೋಕೆ ನಿಮ್ಮ ಹಾಡಿನ ಒಂದು ಸಾಲಿನಷ್ಟೂ ಹೊತ್ತು ಹಿಡೀಲಿಲ್ಲ."